ಸಹಿ ಹಾಕುವ ಮೊದಲು

ಗುಂಡ್ಲುಪೇಟೆ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ದೊಡ್ಡಮ್ಮನ ಮಂಡಿ ನೋವು ಹಾಗೇ ಇದೆ. ಆ ಪುರಾಣ ಅವಳೇ ಫೋನಿನಲ್ಲಿ ಹೇಳುತ್ತಾಳೆ ಬಿಡು.

ನಿನ್ನ ಕಾಡ್ಗಿಚ್ಚಿನ ಕಾದಂಬರಿ ಓದಿ ಮುಗಿಸಿದೆ. ಮೊಬೈಲಿನಲ್ಲಿ ಕಣ್ಣು ಹಿಡಿಯಲಿಲ್ಲ, ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಇಂಗ್ಲಿಷಿನಲ್ಲಿ ಅಲ್ಲಲ್ಲಿ ತಡವರಿಸಿದೆ. ಆದರೆ ಗಾಳಿ ಎಲ್ಲಿ ತಿರುಗುತ್ತದೆ ಅನ್ನುವುದು ನೀನು ಹೇಳುವ ಒಂದು ಪುಟ ಮೊದಲೇ ಗೊತ್ತಾಗಿಬಿಡುತ್ತಿತ್ತು. ಬಂಡೀಪುರದ ಕಾಡಿನಲ್ಲಿ ಬೆಂಕಿ ಕಾಯುತ್ತಾ ಅಷ್ಟು ಬೇಸಿಗೆ ಕಳೆದವನು ನಾನು, ಅಲ್ವಾ?

ಅಮೆರಿಕದ ಮಿಸೌಲಾದ ಮ್ಯೂಸಿಯಂನಲ್ಲಿ ಶನಿವಾರ ಸಹಿ ಹಾಕಿಕೊಡುವ ಕಾರ್ಯಕ್ರಮ, ಆ ಹಳೇ ವಿಮಾನದ ಹತ್ತಿರವೇ ಮೇಜು ಹಾಕುತ್ತಾರೆ ಅಂದೆಯಲ್ಲ. ಕೇಳಿದಾಗಿನಿಂದ ಮನಸ್ಸು ಅಲ್ಲೇ ಇದೆ. 1949ರ ಆಗಸ್ಟ್ 5ರಂದು ಕಾಡ್ಗಿಚ್ಚು ಆರಿಸುವ ಹುಡುಗರನ್ನು ಮ್ಯಾನ್ ಗಲ್ಚ್ ಕಣಿವೆಗೆ ಹೊತ್ತುಕೊಂಡು ಹೋದದ್ದು ಅದೇ ವಿಮಾನ. ಪ್ಯಾರಾಚೂಟಿನಲ್ಲಿ ಇಳಿದವರು 15 ಜನ. ಕೆಳಗಿದ್ದ ಗಾರ್ಡ್ ಒಬ್ಬ ಸೇರಿ 16. ಅವತ್ತು ಹತ್ತಿರದ ಹೆಲೆನಾದಲ್ಲಿ 97 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕಕ್ಕೆ 36. ಸಂಜೆ ಆರರ ಹೊತ್ತಿಗೆ ಬೆಂಕಿ ಒಣಹುಲ್ಲಿನ ಏರು ಹತ್ತಿ ಅವರ ಬೆನ್ನಿಗೆ ಬಿತ್ತು. 13 ಜನ ಹೋದರು.

ತಂಡದ ಮುಖ್ಯಸ್ಥ ವ್ಯಾಗ್ ಡಾಜ್ ಓಡುತ್ತಿದ್ದವನು ನಿಂತು, ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿದ. ಸುಟ್ಟ ಜಾಗಕ್ಕೆ ಬನ್ನಿ ಅಂತ ಕರೆದ. ಯಾರೂ ಹೋಗಲಿಲ್ಲ. ಅವನು ಬೂದಿಯಲ್ಲಿ ಬೋರಲು ಮಲಗಿ ಉಳಿದುಕೊಂಡ. ನಮ್ಮಲ್ಲೂ ಎದುರು ಬೆಂಕಿ ಕೊಡುತ್ತೇವೆ. ಆದರೆ ಮೊದಲೇ ಹುಲ್ಲು ತೆಗೆದಿಟ್ಟ ಫೈರ್ ಲೈನಿನಲ್ಲಿ ನಿಂತು, ದೂರ ನೋಡಿಕೊಂಡು. ಬೆಂಕಿ ಬೆನ್ನ ಹಿಂದಿರುವಾಗ ಇನ್ನೊಂದು ಬೆಂಕಿಯೊಳಗೆ ಬಾ ಅಂದರೆ ನಾನೂ ಹೋಗುತ್ತಿರಲಿಲ್ಲವೇನೋ. ಆ ಹುಡುಗರನ್ನು ಮಾತು ಕೇಳದ ದಡ್ಡರು ಅಂತ ನೀನು ಬರೆದಿಲ್ಲ. ಪುಸ್ತಕದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಅದೇ.

ಈಗ ಶನಿವಾರದ ವಿಷಯ. ಬೇರೆ ಊರಾದರೆ ಬರೀ ಓದುವವರು ಬರುತ್ತಾರೆ. ಮಿಸೌಲಾದಲ್ಲಿ ಸ್ಮೋಕ್‌ಜಂಪರ್‌ಗಳ, ಅಂದರೆ ಹೀಗೆ ಪ್ಯಾರಾಚೂಟಿನಲ್ಲಿ ಇಳಿದು ಬೆಂಕಿ ಆರಿಸುವವರ ಕೇಂದ್ರವೇ ಇದೆ, ಬೆಂಕಿ ಆರಿಸಿದವರೇ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ನಿನ್ನ ಕಾದಂಬರಿಯ ಹುಡುಗ ಒಂದು ಕಡೆ ಪುಲಾಸ್ಕಿಯನ್ನು ಒಂದೇ ಕೈಯಲ್ಲಿ ಬೀಸುತ್ತಾನೆ. ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ ಇರುವ ಸಾಮಾನು ಅದು. ಇಡೀ ದಿನ ನೆಲ ಕೆರೆದವನು ಯಾರಾದರೂ ಅದನ್ನು ಹಿಡಿದು ಕೇಳಿಯೇ ಕೇಳುತ್ತಾನೆ. ವಾದಕ್ಕೆ ಇಳಿಯಬೇಡ. ಅವನ ಎದುರಿಗೇ ಬರೆದುಕೋ.

ಇನ್ನೊಂದು ಮಾತು, ಇದನ್ನು ನಿನ್ನಪ್ಪನಿಗೂ ಹೇಳಿಲ್ಲ. ಒಂದು ವರ್ಷ ಮಾರ್ಚ್‌ನಲ್ಲಿ, ಮೂರು ದಿನದ ಬೆಂಕಿ ಆರಿದ ಮೇಲೆ, ಫೈರ್ ವಾಚರ್‌ಗಳಿಗೆ ಕೂಲಿ ಬಟವಾಡೆ ಮಾಡುತ್ತಿದ್ದೆ. ಹಾಡಿಯ ಜನ, ಹಸಿ ಸೊಪ್ಪಿನಲ್ಲಿ ಬಡಿದು ಬಡಿದು ಆರಿಸಿದವರು. ನಾನು ಮಸ್ಟರ್ ರೋಲ್ ಮೇಲೆ ಕಣ್ಣಿಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದೆ. ಒಬ್ಬರ ಗುರುತು ಸರಿಯಾಗಿ ಮೂಡಲಿಲ್ಲ. "ಸರಿಯಾಗಿ ಒತ್ತಯ್ಯ" ಅಂದೆ. ಮತ್ತೆ ಮೂಡಲಿಲ್ಲ. "ಇನ್ನೊಂದು ಕೈ ಕೊಡು" ಅಂದೆ. ಅವರು ಸುಮ್ನೆ ಕೊಟ್ಟರು. ಸಂಜೆ ಲೆಕ್ಕ ನೋಡುವಾಗ ಆ ಕಾಗದದಲ್ಲಿ ಮಸಿಯ ಜೊತೆ ನೀರು ಹರಡಿದ ಕಲೆ ಇತ್ತು. ಬೊಬ್ಬೆ ಒಡೆದದ್ದು. ನಾನು ತಲೆಯನ್ನೇ ಎತ್ತಿರಲಿಲ್ಲ. ಮಾರನೇ ವಾರ ಹಾಡಿಗೆ ಹೋದೆ, ಅವರು ಕೆಲಸಕ್ಕೆ ಕೊಡಗಿಗೆ ಹೋಗಿಬಿಟ್ಟಿದ್ದರು.

ಬೆಂಕಿ ಆರಿದ ಮೇಲೆ ಗ್ಲೌಸ್ ಬಿಚ್ಚಿ, ಕೈಯ ಹಿಂಬದಿಯಿಂದ ಬೂದಿ ಮುಟ್ಟಿ ಬಿಸಿ ಉಳಿದಿದೆಯಾ ನೋಡುತ್ತಾರೆ ಅಂತ ನೀನೇ ಬರೆದಿದ್ದೀಯ. ಅಂಥ ಕೈಗಳೇ ಅವತ್ತು ನಿನ್ನ ಮುಂದೆ ಪುಸ್ತಕ ಚಾಚುತ್ತವೆ. ಯಾರಾದರೂ ಮಾತು ಶುರುಮಾಡಿದರೆ ಪೆನ್ನು ಕೆಳಗಿಡು. ಹಿಂದಿನವರು ಕಾಯಲಿ. ಕೆಲವರು ಏನೂ ಹೇಳದೆ ನಿಲ್ಲುತ್ತಾರೆ, ಅವರನ್ನು ಕೆದಕಬೇಡ. ಎಲ್ಲರ ಪುಸ್ತಕದಲ್ಲೂ "ಹೀರೋಗೆ" ಅಂತ ಬರೆಯಲೂ ಬೇಡ. ಹೆಸರು ಬರೆ, ಸ್ಪೆಲ್ಲಿಂಗ್ ಕೇಳಿಕೊಂಡು. ಅಲ್ಲಿ ಒಂದೇ ಹೆಸರನ್ನು ನಾಲ್ಕು ಥರ ಬರೆಯುತ್ತಾರಂತೆ. ಒಂದು ಚೀಟಿಯಲ್ಲಿ ಅವರಿಂದಲೇ ಬರೆಸಿಕೊಂಡರೆ ಕೆಲಸ ಸುಲಭ.

ಮಸಿ ಹಿಂದಿನ ಪುಟಕ್ಕೆ ಇಳಿಯದ ಪೆನ್ನು ಎರಡು ಇಟ್ಟುಕೋ. ಮಧ್ಯೆ ಎದ್ದು ನೀರು ಕುಡಿ. ಯಾರೂ ಬರದಿದ್ದರೆ ಮೊಬೈಲ್ ನೋಡುತ್ತಾ ಕೂರಬೇಡ, ಹೋಗಿ ಆ ವಿಮಾನದ ಬಾಗಿಲು ನೋಡಿಕೊಂಡು ಬಾ. ಅದರ ಎತ್ತರ ಎಷ್ಟಿದೆ ಅಂತ ನನಗೆ ಬರೆ.

ನನಗೊಂದು ಪ್ರತಿ ಎತ್ತಿಡು. ನನ್ನದಕ್ಕೆ ಮಾತ್ರ ಕನ್ನಡದಲ್ಲಿ ಸಹಿ ಹಾಕು. ಇನ್ನೊಂದನ್ನು ಹೆಸರು ಬರೆಯದೆ ಕಳಿಸು, ಹಾಡಿಯ ಶಾಲೆಗೆ ಕೊಡುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ