ಸುಳ್ಳು ಅನುಭವ ಬೇಡ, ನಮ್ಮ ಬಟವಾಡೆ ಲೆಕ್ಕ ಬರೆ

ಬಳ್ಳಾರಿ

ಮಗಳೇ,

ಸಾಫ್ಟ್‌ವೇರ್ ಕೆಲಸಕ್ಕೆ ಸುಳ್ಳು ಅನುಭವದ ಕಾಗದ ಮಾಡಿಸಲಾ ಅಂತ ನಿನ್ನೆ ಫೋನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಹೇಳಲಿಲ್ಲ. ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದರು, ಕಿವಿಗೆ ಬಿದ್ದಿದ್ದರೆ ಮನೆ ಹಾರಿಹೋಗುವಂತೆ ಕೂಗುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಆ ಏಜೆಂಟ್ ಮಾಡಿಸಿಕೊಡುತ್ತೇನೆ ಅಂದಿರುವ ಮೂರು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್ ಬೇಡ.

"ಫ್ರೆಶರ್ ಅಂದ್ರೆ ರೆಸ್ಯೂಮೆ ತೆಗೆದೂ ನೋಡಲ್ಲಮ್ಮ, ಎಲ್ಲರೂ ಹೀಗೇ ಮಾಡ್ತಾರೆ" ಅಂದೆ. ಮಾಡುವವರು ಇರಬಹುದು. ಆದರೆ ನಮ್ಮ ಪ್ಯಾಂಟ್ ಹೊಲಿಯುವ ಯೂನಿಟ್ಟಿನ ಪಿಎಫ್ ಕಾಗದ ನೋಡುವವಳು ನಾನು. ಪಿಎಫ್‌ಗೆ ಸೇರಿದವರಿಗೆ 12 ಅಂಕಿಯ ಯುಎಎನ್ ನಂಬರ್ ಇರುತ್ತದೆ. ಕಂಪನಿ ಬದಲಾದರೂ ನಂಬರ್ ಅದೇ. ಎಲ್ಲಿ ಸೇರಿದೆ, ಯಾವಾಗ ಬಿಟ್ಟೆ, ಎಲ್ಲ ಅದರಲ್ಲಿ ಕಾಣುತ್ತದೆ. ಆಫರ್ ಕೊಟ್ಟ ಮೇಲೂ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡಿಸುವ ಕಂಪನಿಗಳಿವೆ. ಪಿಎಫ್ ವಿವರ, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡು ಅಂದರೆ ಏನು ಕೊಡುತ್ತೀಯ? ಹೋಗಲಿ, ಸಿಕ್ಕಿಬೀಳಲಿಲ್ಲ ಅಂದುಕೋ. ಮೂರು ವರ್ಷ ಪಳಗಿದವಳು ಅಂತ ಮೊದಲ ವಾರವೇ ದೊಡ್ಡ ಕೆಲಸ ತಲೆ ಮೇಲೆ ಹಾಕುತ್ತಾರೆ. ಗೊತ್ತಿಲ್ಲ ಅಂತ ಬಾಯಿಬಿಡುವ ಹಾಗೂ ಇರುವುದಿಲ್ಲ.

ಕೌಲ್ ಬಜಾರಿನ ನಮ್ಮ ಯೂನಿಟ್ಟಿಗೆ ಹೊಸ ಟೇಲರ್ ಬಂದರೆ ನಾವು ಏನು ಮಾಡುತ್ತೇವೆ? ಯಾವ ಕಾಗದವೂ ಕೇಳುವುದಿಲ್ಲ. ಪ್ಯಾಂಟಿನ ಪೀಸ್ ಕೈಗೆ ಕೊಟ್ಟು ಜೇಬು ಕೂರಿಸು ಅನ್ನುತ್ತೇವೆ. ಹೊಲಿಗೆ ನೋಡಿದರೆ ಸಾಕು. ನಿನ್ನ ಕಡೆಯೂ ಕೊನೆಗೆ ನೋಡುವುದು ಅದನ್ನೇ ಅಲ್ವಾ?

ಕೋಡಿಂಗ್ ಕಲಿಸುವ ಆ ಬೂಟ್‌ಕ್ಯಾಂಪಿನಲ್ಲಿ ಮಾಡಿದ ಪ್ರಾಜೆಕ್ಟ್ ತೋರಿಸಿದ್ದೆ. ಟು-ಡೂ ಲಿಸ್ಟು, ಹವಾಮಾನ ತೋರಿಸುವ ಆ್ಯಪ್. ಚೆನ್ನಾಗಿವೆ. ಆದರೆ ನಿನ್ನ ಬ್ಯಾಚಿನ ಎಲ್ಲರ ಹತ್ತಿರವೂ ಅವೇ ಇವೆ. ನೀನು ನಮ್ಮ ಬಟವಾಡೆ, ಅಂದರೆ ಟೇಲರ್‌ಗಳಿಗೆ ವಾರವಾರ ಕೊಡುವ ಕೂಲಿ, ಲೆಕ್ಕದ ಪ್ರೋಗ್ರಾಮ್ ಮಾಡು. ಸುಮ್ನೆ ಹೇಳುತ್ತಿಲ್ಲ, ಆ ಪುಸ್ತಕ ಹಿಡಿದು ಶನಿವಾರ ರಾತ್ರಿ ಕೂತರೆ ನನಗೆ ತಲೆ ಕೆಡುತ್ತದೆ. ಜೇಬಿಗೆ ಒಂದು ರೇಟು, ಜಿಪ್ಪಿಗೆ ಒಂದು, ಬೆಲ್ಟಿಗೆ ಇನ್ನೊಂದು. ಅರ್ಧ ಬಂಡಲ್ ಒಬ್ಬ ಹೊಲಿದು ಊರಿಗೆ ಹೋಗುತ್ತಾನೆ, ಉಳಿದದ್ದು ಇನ್ನೊಬ್ಬ ಮುಗಿಸುತ್ತಾನೆ. ಆಲ್ಟರ್‌ಗೆ ವಾಪಸ್ ಬಂದ ಪೀಸ್ ಯಾರ ಲೆಕ್ಕಕ್ಕೆ? ಹಬ್ಬಕ್ಕೆ ತೆಗೆದುಕೊಂಡ ಅಡ್ವಾನ್ಸ್ ವಾರವಾರ ಸ್ವಲ್ಪ ಸ್ವಲ್ಪ ಮುರಿಯಬೇಕು. ವಾರದ ಮಧ್ಯೆ ರೇಟು ಏರಿಸಿದರೆ ಹಳೇ ಪೀಸಿಗೆ ಹಳೇ ರೇಟೇ ನಿಲ್ಲಬೇಕು. ರೇಟನ್ನು ತಾರೀಕಿನ ಸಮೇತ ಬೇರೆ ಟೇಬಲ್ಲಿನಲ್ಲಿ ಇಡಬೇಕು ಅಂತ ನೀನೇ ಒಮ್ಮೆ ಹೇಳಿದ್ದೆ. ನೆಟ್ ಹೋದರೂ ಮೊಬೈಲಿನಲ್ಲಿ ಬರೆದದ್ದು ಉಳಿದು, ನೆಟ್ ಬಂದ ಮೇಲೆ ತಾನೇ ಸರ್ವರಿಗೆ ಹೋಗಬೇಕು. ಒಬ್ಬ ಟೇಲರ್‌ಗೆ ಇನ್ನೊಬ್ಬನ ಲೆಕ್ಕ ಕಾಣಬಾರದು, ಕಂಡರೆ ಜಗಳ ನನ್ನ ಮನೆ ಬಾಗಿಲಿಗೆ ಬರುತ್ತದೆ.

ಇಂಟರ್‌ವ್ಯೂನಲ್ಲಿ "ಇದನ್ನು ಯಾಕೆ ಹೀಗೆ ಮಾಡಿದಿರಿ" ಅಂದರೆ ಹೇಳಲು ನಿನಗೆ ಕಾರಣ ಇರುತ್ತದೆ. ದಿನದಿನದ ಕೆಲಸ ಅಂದಂದೇ ಕೋಡ್ ಇಡುವ ಆ ಗಿಟ್‌ಹಬ್ ಸೈಟಿಗೆ ಹಾಕು. ಒಂದೇ ದಿನ ಎಲ್ಲ ತಂದು ಸುರಿದರೆ ನೋಡುವವರಿಗೆ ಗೊತ್ತಾಗುತ್ತದಂತೆ. ನಮ್ಮವರ ನಿಜವಾದ ಹೆಸರು, ಫೋನ್ ನಂಬರ್ ಮಾತ್ರ ಅಲ್ಲಿ ಹಾಕಬೇಡ, ಸುಳ್ಳು ಹೆಸರು ಕೊಡು. ಈ ಸುಳ್ಳಿಗೆ ನನ್ನ ಅಡ್ಡಿ ಇಲ್ಲ.

ನಿನ್ನ ಅತ್ತೆ "371ಜೆ ಸರ್ಟಿಫಿಕೇಟ್ ಇದೆಯಲ್ಲ" ಅಂತ ದಿನಾ ಶುರು ಮಾಡುತ್ತಾಳೆ. 2013ರಲ್ಲಿ ಕಲ್ಯಾಣ ಕರ್ನಾಟಕದ ನಮ್ಮ ಭಾಗಕ್ಕೆ ಬಂದ ಆ ಮೀಸಲಾತಿ ಸರ್ಕಾರಿ ಕೆಲಸಕ್ಕೆ, ಕಾಲೇಜು ಸೀಟಿಗೆ ನಡೆಯುತ್ತದೆ, ಪ್ರೈವೇಟ್ ಕಂಪನಿಗಲ್ಲ. ಎಷ್ಟು ಹೇಳಿದರೂ ಕೇಳುವುದಿಲ್ಲ. ಬೆಂಗಳೂರಿನ ಆಫೀಸಿನಲ್ಲಿ ಅದಕ್ಕಿಂತ ನಿನ್ನ ಬಳ್ಳಾರಿ ತೆಲುಗೇ ಜಾಸ್ತಿ ಉಪಯೋಗಕ್ಕೆ ಬಂದೀತು!

ಟೆಸ್ಟಿಂಗ್, ಸಪೋರ್ಟ್ ಕೆಲಸ ಬಂದರೆ ಮೂಗು ಮುರಿಯಬೇಡ. ಅಲ್ಲಿ ಕೋಡ್ ಕಣ್ಣಿಗೆ ಬೀಳುತ್ತದಾ, ಅದನ್ನು ಮಾತ್ರ ಕೇಳಿಕೋ. ಇಷ್ಟು ವರ್ಷ ಕೆಲಸ ಬಿಡುವಂತಿಲ್ಲ ಅನ್ನುವ ಬಾಂಡ್ ಕೊಟ್ಟರೆ ಪೂರ್ತಿ ಓದದೆ ಸಹಿ ಮಾಡಬೇಡ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡಬೇಡ. ಕೆಲಸ ಕೊಡಲು ದುಡ್ಡು ಕೇಳಿದರೆ ಫೋನ್ ಇಟ್ಟುಬಿಡು. ನಿನ್ನ ಬ್ಯಾಚಿನಲ್ಲಿ ಆಗಲೇ ಸೇರಿದವರಿಗೆ ರೆಫರಲ್ ಕೇಳಲು ಯಾಕೆ ನಾಚಿಕೆ? ನಮ್ಮಲ್ಲಿ ಟೇಲರ್ ಬರುವುದೂ ಇನ್ನೊಬ್ಬ ಟೇಲರ್ ಕರೆತಂದರೇ.

ಕಳೆದ ತಿಂಗಳ ಬಟವಾಡೆ ಪುಸ್ತಕದ ಫೋಟೋ ಇವತ್ತೇ ವಾಟ್ಸಾಪ್ ಮಾಡುತ್ತೇನೆ. ಅದನ್ನು ಬರೆಯುವ ಕಟಿಂಗ್ ಮಾಸ್ಟರ್ ಅಕ್ಷರ ತಿಳಿಯದಿದ್ದರೆ ಅವರಿಗೇ ಫೋನ್ ಮಾಡು, ಆದರೆ ಊಟದ ಹೊತ್ತಲ್ಲಿ ಮಾತ್ರ, ಕಟಿಂಗ್ ಮಾಡುವಾಗ ಬೇಡ. ಪಿಜಿ ಬಾಡಿಗೆ ಐದನೇ ತಾರೀಕಿಗೆ ಹಾಕುತ್ತೇನೆ. ಆ ಏಜೆಂಟ್‌ಗೆ ಮೊದಲು ಇಲ್ಲ ಅಂತ ಮೆಸೇಜ್ ಹಾಕಿ ನನಗೆ ತಿಳಿಸು.

ನಿನ್ನ ಅಮ್ಮ