ತುಕ್ಕಿನ ಮೇಲೆ ಪುಟ್ಟಿ ಬೇಡ

ಪ್ರಿಯ ಸುರೇಶ,

ಚಿತ್ರಗಳನ್ನು ನೋಡಿದೆ. ನಿಮ್ಮ ತಂದೆಯವರ ಮಾರುತಿ 800 ಮಲ್ಪೆಯ ಉಪ್ಪುಗಾಳಿಯಲ್ಲಿ ನಿಂತೂ ಇಷ್ಟರ ಮಟ್ಟಿಗೆ ಉಳಿದಿರುವುದೇ ಹೆಚ್ಚು. ಬಾಗಿಲಿನ ಕೆಳಗಂಚಿನಲ್ಲಿ ಎದ್ದಿರುವ ಗುಳ್ಳೆಗಳನ್ನು ಉಜ್ಜಿ, ಪುಟ್ಟಿ ಹಚ್ಚಿ, ಬಣ್ಣ ಹೊಡೆದರಾಯಿತು ಎಂದು ಬರೆದಿದ್ದೀಯೆ. ಖಂಡಿತ ಬೇಡ.

ಆ ಗುಳ್ಳೆ ಹೊರಗೆ ಹುಟ್ಟಿದ್ದಲ್ಲ. ಗಾಜಿನ ಅಂಚಿನ ರಬ್ಬರ್ ಒಣಗಿ ಬಿರಿದರೆ ಮಳೆನೀರು ಬಾಗಿಲಿನೊಳಕ್ಕೆ ಇಳಿಯುತ್ತದೆ. ಅದು ಹರಿದುಹೋಗಲೆಂದೇ ಅಡಿಯಲ್ಲಿ ಸಣ್ಣ ತೂತುಗಳಿವೆ. ದೂಳು, ಎಲೆಚೂರು ಸೇರಿ ಅವು ಕಟ್ಟಿಕೊಂಡರೆ ನೀರು ಅಲ್ಲೇ ನಿಂತು, ತಗಡನ್ನು ಒಳಗಿನಿಂದ ತಿನ್ನುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಬಣ್ಣ ಉಬ್ಬುವುದು ಅದಕ್ಕೇ. ಸ್ಕ್ರೂಡ್ರೈವರ್ ತುದಿಯಿಂದ ಗುಳ್ಳೆಯನ್ನು ಒತ್ತಿ ನೋಡು. ತುದಿ ಒಳಕ್ಕೆ ಹೋಯಿತೋ, ಅಲ್ಲಿ ಉಜ್ಜುವುದಕ್ಕೆ ಏನೂ ಉಳಿದಿಲ್ಲ. ಒಂದು ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಇಡೀ ಬಾಡಿಯ ಮೇಲೆ ಆಡಿಸು. ಹಿಡಿತ ಸಡಿಲವಾದ ಕಡೆ ಹಿಂದಿನ ಪುಣ್ಯಾತ್ಮ ಯಾರೋ ಪುಟ್ಟಿ ಮೆತ್ತಿದ್ದಾನೆ ಎಂದೇ ತಿಳಿ.

ಮುಂದಿನ ಮಡ್‌ಗಾರ್ಡ್‌ಗಳಿಗೆ ತಲೆ ಕೆಡಿಸಿಕೊಳ್ಳಬೇಡ. ಅವು ಬೋಲ್ಟ್ ಬಿಚ್ಚಿದರೆ ಬರುತ್ತವೆ. ಬೇರೆ ತಂದು ಹಾಕುವುದೇ ಸಲೀಸು. ಬಾಗಿಲಿನದೇ ನಿಜವಾದ ಕೆಲಸ. ಕೊಳೆತ ಭಾಗವನ್ನು ಹೊಳೆಯುವ ಕಬ್ಬಿಣ ಸಿಗುವವರೆಗೂ ಕತ್ತರಿಸು. ಇಲ್ಲಿ ಜಿಪುಣತನ ಮಾಡಿದರೆ ವೆಲ್ಡಿಂಗ್ ಹಿಡಿಯದೆ ತೂತು ಇನ್ನೂ ದೊಡ್ಡದಾಗುತ್ತದೆ. ರಟ್ಟಿನಲ್ಲಿ ಅಳತೆ ತೆಗೆದು, 20 ಅಥವಾ 22 ಗೇಜ್ ದಪ್ಪದ ತಗಡಿನಲ್ಲಿ ತೇಪೆ ಕತ್ತರಿಸಿಕೊ. ಸತುವಿನ ಲೇಪವಿರುವ ತಗಡನ್ನು ತರಬೇಡ, ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ಸಂಪರ್ಕ ತಪ್ಪಿಸು, ಬಾಗಿಲಿನ ಒಳಹೊದಿಕೆ ಬಿಚ್ಚಿಡು. ಒಂದೇ ಉಸಿರಿಗೆ ಗೆರೆ ಎಳೆಯಬೇಡ: ಇಲ್ಲೊಂದು ಚುಕ್ಕಿ, ಆ ತುದಿಯಲ್ಲೊಂದು ಚುಕ್ಕಿ, ಆರಲು ಬಿಟ್ಟು ನಡುವೆ ಮತ್ತೊಂದು. ಇಲ್ಲವಾದರೆ ತೆಳು ತಗಡು ಕಾದ ಹಪ್ಪಳದಂತೆ ಸೊಟ್ಟಗಾಗುತ್ತದೆ.

ತೂತಾಗದೆ ಬರೀ ತುಕ್ಕು ಹಿಡಿದ ಕಡೆ ತಂತಿ ಬ್ರಷ್‌ನಿಂದ ಕೆರೆದು, ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಾಶಕ ಹಚ್ಚು. ಉಳಿದ ತುಕ್ಕು ಕಪ್ಪಗಾಗಿ ಗಟ್ಟಿಯಾಗುತ್ತದೆ. ಅದರ ಮೇಲೆ ಎಪಾಕ್ಸಿ ಪ್ರೈಮರ್. ಪುಟ್ಟಿಯ ಸರದಿ ಆಮೇಲೆ, ಅದೂ ತೆಳ್ಳಗೆ. ಪುಟ್ಟಿ ನೀರು ಹೀರುತ್ತದೆ. ಮೇಲೆ ಪ್ರೈಮರ್ ಹೊಡೆಯದೆ ವಾರಗಟ್ಟಲೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಜಡಿಮಳೆಯ ದಿನ ಬಣ್ಣ ಹೊಡೆಯುವ ಯೋಚನೆಯೂ ಬೇಡ. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಕೂತು ಬಣ್ಣ ಮಂಕಾಗಿ ಬೆಳ್ಳಗೆ ಕಾಣುತ್ತದೆ. ದೀಪಾವಳಿ ಕಳೆಯಲಿ.

ಒಂದು ಮಾತು ಮಾತ್ರ ಕಟ್ಟುನಿಟ್ಟು. ಬಾಗಿಲ ಕೆಳಗೆ ಉದ್ದಕ್ಕೆ ಪೆಟ್ಟಿಗೆಯಂತಿರುವ ರನ್ನಿಂಗ್ ಬೋರ್ಡ್, ಸೀಟ್‌ಬೆಲ್ಟ್ ಬಿಗಿಯುವ ಜಾಗ, ಸಸ್ಪೆನ್ಷನ್ ಕೂರುವ ಜಾಗ, ಇವುಗಳಲ್ಲಿ ತುಕ್ಕು ಕಂಡರೆ ಕೈ ಹಾಕಬೇಡ. ಇಡೀ ಗಾಡಿಯ ಬಲ ಅಲ್ಲಿದೆ. ಪಳಗಿದ ಟಿಂಕರಿಂಗ್ ಮೇಸ್ತ್ರಿಯನ್ನೇ ಕರೆಸು, ಪಕ್ಕದಲ್ಲಿ ನಿಂತು ಕೆಲಸ ನೋಡು.

ಮುಗಿದ ಮೇಲೆ ಬಾಗಿಲಿನ ಅಡಿಯ ನೀರು ಹರಿಯುವ ತೂತುಗಳನ್ನು ತಂತಿಯಿಂದ ಬಿಡಿಸಿ, ಬಾಗಿಲಿನೊಳಗೆ ಮೇಣದ ಸ್ಪ್ರೇ ಹೊಡಿ. ಗ್ರೈಂಡರ್ ನನ್ನ ಬಳಿ ಇದೆ, ಊರಿಗೆ ಬರುವಾಗ ತರುತ್ತೇನೆ. ಕಣ್ಣಿಗೆ ಕನ್ನಡಕ ಮಾತ್ರ ನೀನೇ ಕೊಂಡಿಡು; ನನ್ನದು ನಿನ್ನ ತಲೆಗೆ ಹಿಡಿಸುವುದಿಲ್ಲ. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ,
ರಘು