ಸೀಲು ಹಾಕಿಸಿಕೊಳ್ಳಿ ಮೇಷ್ಟ್ರೇ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದರು. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಬ್ಯಾಂಕು ಅವರ ಖಾತೆಯಿಂದ 236 ರೂಪಾಯಿ ಮುರಿದುಕೊಂಡಿತಂತೆ. ಕೇಳಲು ಹೋದರೆ ಕೌಂಟರಿನ ಹುಡುಗ ‘ಸಿಸ್ಟಮ್ಮೇ ಕಟ್ ಮಾಡುತ್ತೆ ಸಾರ್, ನಮ್ಮ ಕೈಲಿಲ್ಲ’ ಅಂದನಂತೆ. ‘ಇನ್ನೂರು ಚಿಲ್ಲರೆ ರೂಪಾಯಿಗೆ ಕೋರ್ಟಿಗೆ ಹೋಗೋಕಾಗುತ್ತಾ?’ ಎಂದು ಕೇಳಿ ಪತ್ರ ಮುಗಿಸಿದ್ದರು.

ಹೋಗಬಹುದು ಮೇಷ್ಟ್ರೇ. ನಾನು ಹೋಗಿದ್ದೇನೆ. ಇಲ್ಲಿ ಅಲ್ಲ, ಇಂಗ್ಲೆಂಡಿನಲ್ಲಿ.

ನಾನು ಹಾಸನದವಳು. 2002ರಲ್ಲಿ ನರ್ಸ್ ಕೆಲಸಕ್ಕೆಂದು ಲೆಸ್ಟರ್ ಊರಿಗೆ ಹೋದೆ. ಸಂಬಳ ತಿಂಗಳ ಕೊನೆಗೆ ಬರುತ್ತಿತ್ತು. ಮನೆ ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್ (ನಮ್ಮ ಮನೆ ಕಂದಾಯದ ಹಾಗೆ), ಫೋನ್ ಬಿಲ್ಲು ಎಲ್ಲ ಖಾತೆಯಿಂದ ತಾನಾಗೇ ಹೋಗುತ್ತಿದ್ದವು. ಊರಿಗೆ ಸ್ವಲ್ಪ ಜಾಸ್ತಿ ದುಡ್ಡು ಕಳಿಸಿದ ತಿಂಗಳು ಲೆಕ್ಕ ತಪ್ಪುತ್ತಿತ್ತು. ಮೊದಲ ಸಲ ಕೌನ್ಸಿಲ್ ಟ್ಯಾಕ್ಸಿಗೆ ಕಮ್ಮಿ ಬಿದ್ದದ್ದು ನಾಲ್ಕೇ ಪೌಂಡು. ಬ್ಯಾಂಕು ಅದನ್ನು ಕಟ್ಟದೆ ವಾಪಸ್ ಕಳಿಸಿತು, ನನಗೆ 30 ಪೌಂಡ್ ದಂಡ ಹಾಕಿತು. ಆ 30 ಪೌಂಡ್ ಹೋದದ್ದರಿಂದ ಮುಂದಿನ ತಿಂಗಳು ಫೋನ್ ಬಿಲ್ಲು ವಾಪಸ್ಸಾಯಿತು. ಮತ್ತೆ 30. ದಂಡ ಕಟ್ಟಿದ್ದಕ್ಕೇ ದಂಡ! ಆಮೇಲೆ ಅದು 35 ಆಯಿತು. ತಪ್ಪು ನನ್ನದೇ ಅಂತ ನಾಲ್ಕು ವರ್ಷ ಸುಮ್ನೆ ಇದ್ದೆ. ಮನೆಯವರಿಗೂ ಹೇಳಿರಲಿಲ್ಲ. ಖಾತೆಯಲ್ಲಿ ದುಡ್ಡಿಲ್ಲ ಅಂತ ಹೇಳಿಕೊಳ್ಳುವುದಕ್ಕೆ ಒಂಥರಾ ನಾಚಿಕೆ, ಅಲ್ವಾ?

2006ರ ಕೊನೆಯಲ್ಲಿ ನಮ್ಮ ವಾರ್ಡಿನ ಆಯಾ ಒಬ್ಬಳು ಊಟದ ಹೊತ್ತಲ್ಲಿ ಹೇಳಿದಳು, ‘ನನ್ನ ದುಡ್ಡು ವಾಪಸ್ ಬಂತು, ನೀನೂ ಕೇಳು’ ಅಂತ. ಆಗ ಅಲ್ಲಿ ಸಾವಿರಾರು ಜನ ಕೇಳುತ್ತಿದ್ದರು. ಮೊದಲು ಬ್ಯಾಂಕಿಗೆ 10 ಪೌಂಡ್ ಕಟ್ಟಿ, ನನ್ನ ಬಗ್ಗೆ ನಿಮ್ಮಲ್ಲಿರುವ ದಾಖಲೆಯೆಲ್ಲ ಕೊಡಿ ಎಂದು ಬರೆಯಬೇಕು. ಅಲ್ಲಿನ ಡೇಟಾ ಪ್ರೊಟೆಕ್ಷನ್ ಕಾಯ್ದೆ ಪ್ರಕಾರ 40 ದಿನದೊಳಗೆ ಅವರು ಕೊಡಲೇಬೇಕಿತ್ತು. ಒಂದು ದಪ್ಪ ಲಕೋಟೆ ಬಂತು. ರಾತ್ರಿ ಪಾಳಿ ಮುಗಿಸಿ ಬಂದವಳು ಯೂನಿಫಾರ್ಮ್ ಕೂಡ ಬಿಚ್ಚದೆ ಅಡುಗೆಮನೆ ಟೇಬಲ್ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತೆ. ಕೆಂಪು ಪೆನ್ನಲ್ಲಿ ಒಂದೊಂದೇ ದಂಡಕ್ಕೆ ಸುತ್ತು ಹಾಕುತ್ತಾ ಹೋದೆ. 30ರವು ಹನ್ನೊಂದು, 35ರವು ಎಂಟು. ಒಟ್ಟು 610 ಪೌಂಡು. ನಮ್ಮ ದುಡ್ಡಲ್ಲಿ ಆಗ ಸುಮಾರು ಐವತ್ತು ಸಾವಿರ ರೂಪಾಯಿ. ಟೀ ಆರಿಹೋಗಿತ್ತು.

ವಾಪಸ್ ಕೊಡಿ ಎಂದು ಬರೆದೆ. ‘ಖಾತೆ ತೆರೆಯುವಾಗ ಷರತ್ತಿಗೆ ಸಹಿ ಹಾಕಿದ್ದೀರಿ, ಆದರೂ ಸೌಹಾರ್ದಕ್ಕಾಗಿ 200 ಪೌಂಡ್ ಕೊಡುತ್ತೇವೆ’ ಎಂದು ಉತ್ತರ ಬಂತು. ಷರತ್ತು ಅಷ್ಟು ಗಟ್ಟಿಯಾಗಿದ್ದರೆ ಸೌಹಾರ್ದ ಯಾಕೆ ಬೇಕಿತ್ತು ಅಂತ ನನಗೆ ಧೈರ್ಯ ಬಂದದ್ದೇ ಆ ಸಾಲು ಓದಿ. ಮಾರ್ಚ್‌ನಲ್ಲಿ ದಾವೆ ಹಾಕಿದೆ. ಐದು ಸಾವಿರ ಪೌಂಡಿನವರೆಗಿನ ವ್ಯಾಜ್ಯಕ್ಕೆ ಅಲ್ಲಿ ಸ್ಮಾಲ್ ಕ್ಲೇಮ್ಸ್ ಅಂತ ಬೇರೆ ದಾರಿ ಇತ್ತು. ಕೂತಲ್ಲೇ ಕಂಪ್ಯೂಟರಿನಲ್ಲಿ ಅರ್ಜಿ ತುಂಬಬಹುದು. ವಕೀಲರು ಬೇಕಿಲ್ಲ. ಸೋತರೂ ಸಾಮಾನ್ಯವಾಗಿ ಎದುರು ಪಾರ್ಟಿಯ ವಕೀಲರ ಖರ್ಚು ನಮ್ಮ ತಲೆ ಮೇಲೆ ಬೀಳುವುದಿಲ್ಲ. ವರ್ಷಕ್ಕೆ ನೂರಕ್ಕೆ ಎಂಟರಂತೆ ಬಡ್ಡಿಯನ್ನೂ ಕೇಳಬಹುದು. ನಾನು ಕೇಳಿದೆ.

ವಾದ ಇಷ್ಟೇ. ಕರಾರು ಮುರಿದರೆ ಆದ ನಷ್ಟ ತುಂಬಿಸಿಕೊಳ್ಳಿ, ಅದು ಬಿಟ್ಟು ಹೆದರಿಸಲು ದಂಡ ಹಾಕುವ ಹಾಗಿಲ್ಲ. ಕಂಪ್ಯೂಟರು ತಾನೇ ಬರೆದು ಕಳಿಸುವ ಒಂದು ಕಾಗದಕ್ಕೆ 35 ಪೌಂಡ್ ಖರ್ಚಾಗುತ್ತಾ? ಬ್ಯಾಂಕು ಕೊನೇ ಗಳಿಗೆಯಲ್ಲಿ ತಕರಾರು ಸಲ್ಲಿಸಿತು. ವಿಚಾರಣೆಗೆ ದಿನಾಂಕವೂ ಬಿತ್ತು. ಅದಕ್ಕೆ ಎರಡು ವಾರ ಮುಂಚೆ, 2007ರ ಜೂನ್‌ನಲ್ಲಿ ಒಂದು ಕಾಗದ: ನಮ್ಮ ತಪ್ಪಿಲ್ಲ, ಆದರೂ ಪೂರ್ತಿ ಕೊಡುತ್ತಿದ್ದೇವೆ. ಬಡ್ಡಿ, ಕೋರ್ಟ್ ಫೀಜು ಎಲ್ಲ ಸೇರಿ ಖಾತೆಗೆ ಬಂತು. ಒಂದು ದಂಡಕ್ಕೆ ತನಗೆ ನಿಜವಾಗಿ ಎಷ್ಟು ಖರ್ಚು ಅಂತ ಜಡ್ಜ್ ಮುಂದೆ ಲೆಕ್ಕ ಒಪ್ಪಿಸುವುದಕ್ಕಿಂತ ನನ್ನಂಥವಳ ದುಡ್ಡು ಕೊಟ್ಟು ಕಳಿಸುವುದೇ ಅವರಿಗೆ ಸಲೀಸಾಗಿತ್ತು.

ನನ್ನ ಜೊತೆ ಕೆಲಸಕ್ಕಿದ್ದ ಫಿಲಿಪೀನ್ಸಿನ ಗೆಳತಿಗೆ ಆ ಅದೃಷ್ಟ ಇರಲಿಲ್ಲ. ‘ಬೇಸಿಗೆ ರಜೆ ಮುಗಿಯಲಿ’ ಅಂತ ಕಾದು ಆಗಸ್ಟ್‌ನಲ್ಲಿ ಹಾಕಿದಳು. ಅಷ್ಟರಲ್ಲಿ, ಜುಲೈ ಕೊನೆಗೆ, ಆಫೀಸ್ ಆಫ್ ಫೇರ್ ಟ್ರೇಡಿಂಗ್ ಎಂಬ ಸರ್ಕಾರಿ ಸಂಸ್ಥೆಗೂ ಏಳು ಬ್ಯಾಂಕು, ಒಂದು ಬಿಲ್ಡಿಂಗ್ ಸೊಸೈಟಿಗೂ (ಬ್ಯಾಂಕಿನ ಹಾಗೇ ನಡೆಯುವ, ಸದಸ್ಯರದ್ದೇ ಆದ ಸಂಸ್ಥೆ) ಈ ದಂಡದ ಬಗ್ಗೆಯೇ ದೊಡ್ಡ ಕೇಸು ಶುರುವಾಗಿ, ಸಣ್ಣ ಕೇಸುಗಳೆಲ್ಲ ಅದರ ಹಿಂದೆ ನಿಂತುಬಿಟ್ಟವು. 2008ರಲ್ಲಿ ಹೈಕೋರ್ಟು ಜನರ ಪರವಾಗಿ ಹೇಳಿತು. 2009ರ ಫೆಬ್ರುವರಿಯಲ್ಲಿ ಮೇಲ್ಮನವಿಯಲ್ಲೂ ಹಾಗೇ ಆಯಿತು. ಆದರೆ ಆ ವರ್ಷ ನವೆಂಬರ್ 25ಕ್ಕೆ ಸುಪ್ರೀಂ ಕೋರ್ಟ್ ತಿರುಗಿಸಿ ಹಾಕಿತು. ಈ ದಂಡ ಬ್ಯಾಂಕ್ ಸೇವೆಯ ಬೆಲೆಯ ಒಂದು ಭಾಗ, ಬೆಲೆ ಜಾಸ್ತಿಯೋ ಕಮ್ಮಿಯೋ ಅಂತ ಗ್ರಾಹಕರ ಕರಾರಿನ ಅನ್ಯಾಯದ ಷರತ್ತು ತಡೆಯುವ ಕಾನೂನಿನಡಿ ನೋಡುವಂತಿಲ್ಲ ಎಂದಿತು. ಎರಡು ವರ್ಷ ಕಾದ ಗೆಳತಿಗೆ ಒಂದು ಪೆನ್ನಿಯೂ ಬರಲಿಲ್ಲ. ಖಾತೆ ತುಂಬಿದ್ದವರಿಗೆ ಎಲ್ಲ ಫ್ರೀ, ಅದರ ಖರ್ಚು ಖಾಲಿ ಖಾತೆಯವರದು. ಇದನ್ನೇ ಬೆಲೆ ಅಂದರು. ಆ ಮಾತು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಈಗ ಹಾಸನದ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗೆ ದಿನಾ ಹೂವು ಕೊಡುವವರೊಬ್ಬರಿದ್ದಾರೆ. ನಾನು ಅವರನ್ನು ಹೂವಿನಕ್ಕ ಅಂತೀನಿ, ಅವರು ನನ್ನನ್ನು ಸಿಸ್ಟರಮ್ಮ ಅಂತಾರೆ. ಮೊನ್ನೆ ಪಾಸ್‌ಬುಕ್ ತಂದು ‘ಗೃಹಲಕ್ಷ್ಮಿ ದುಡ್ಡು ಪೂರ್ತಿ ಬಂದಿಲ್ಲ, ನೋಡಿ ಸಿಸ್ಟರಮ್ಮ’ ಅಂದರು. ನೋಡಿದೆ. ಎರಡು ಸಾವಿರ ಪೂರ್ತಿಯೇ ಬಂದಿದೆ. ಅವತ್ತೇ 118, 118, 118 ಅಂತ ಮೂರು ಸಾಲು ಕಟ್ ಆಗಿದೆ. ನೂರು ರೂಪಾಯಿ ದಂಡ, ಹದಿನೆಂಟು ರೂಪಾಯಿ ಜಿಎಸ್‌ಟಿ. ಹಿಂದಿನ ಪುಟಗಳಲ್ಲಿ ಇನ್ನೂ ನಾಲ್ಕು. ಒಟ್ಟು ಏಳು ಸಲ, 826 ರೂಪಾಯಿ. ನಾನು ಮತ್ತೆ ಕೆಂಪು ಪೆನ್ನು ಹುಡುಕಿದೆ.

ಇದಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. 2014ರ ನವೆಂಬರ್‌ನಲ್ಲಿ ಬಂದದ್ದು, 2015ರ ಏಪ್ರಿಲ್ 1ರಿಂದ ಜಾರಿ. ಬ್ಯಾಲೆನ್ಸ್ ಕಮ್ಮಿಯಾದರೆ ಬ್ಯಾಂಕು ಮೊದಲು ತಿಳಿಸಬೇಕು. ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು. ದಂಡವನ್ನು ಎಷ್ಟು ಕಮ್ಮಿ ಬಿದ್ದಿದೆಯೋ ಅದರ ಶೇಕಡಾ ಲೆಕ್ಕದಲ್ಲೇ ಹಾಕಬೇಕು. ಬರೀ ಈ ದಂಡದಿಂದ ಖಾತೆ ಮೈನಸ್ ಆಗಬಾರದು. ಹೂವಿನಕ್ಕನಿಗೆ ಇನ್ನೂರು ಕಮ್ಮಿ ಇದ್ದಾಗಲೂ 118, ಸಾವಿರ ಕಮ್ಮಿ ಇದ್ದಾಗಲೂ 118. ಸೊನ್ನೆ ಇದ್ದ ಖಾತೆಯಲ್ಲಿ ಬಾಕಿ ಬರೆದಿಟ್ಟುಕೊಂಡು, ಸರ್ಕಾರದ ದುಡ್ಡು ಬಿದ್ದ ದಿನ ಮೂರನ್ನೂ ಒಟ್ಟಿಗೆ ಎಳೆದುಕೊಂಡರೆ ಅದು ಮೈನಸ್ ಅಲ್ಲದೆ ಇನ್ನೇನು? ನಮ್ಮ 1872ರ ಕಾಂಟ್ರಾಕ್ಟ್ ಕಾಯ್ದೆಯ 74ನೇ ಸೆಕ್ಷನ್ ಕೂಡ ನ್ಯಾಯವಾದ ಪರಿಹಾರಕ್ಕಿಂತ ಜಾಸ್ತಿ ಕೇಳುವಂತಿಲ್ಲ ಅನ್ನುತ್ತೆ. ಈ ದಂಡವೇ ಇಲ್ಲದೆ ಬ್ಯಾಂಕ್ ನಡೆಸೋಕಾಗಲ್ಲ ಅಂತಲೂ ಅಲ್ಲ. ಸ್ಟೇಟ್ ಬ್ಯಾಂಕ್ 2020ರಲ್ಲೇ ಇದನ್ನು ಕೈಬಿಟ್ಟಿದೆ, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಬಿಟ್ಟಿದೆ.

ಮೇಷ್ಟ್ರೇ, ನಿಮಗೂ ದಾರಿ ಇದೆ. ಬ್ಯಾಂಕಿಗೆ ಬರವಣಿಗೆಯಲ್ಲೇ ದೂರು ಕೊಡಿ, ಬಾಯಿಮಾತು ಬೇಡ. ನಿಮ್ಮ ಪ್ರತಿ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಗೆ, ಬರೆಯಿರಿ. ಖರ್ಚಿಲ್ಲ. 14448ಕ್ಕೆ ಫೋನ್ ಮಾಡಿದರೆ ವಿಚಾರ ಹೇಳುತ್ತಾರೆ. ಕೋರ್ಟಿಗೆ ಹೋದ ಮೇಲೆ ಓಂಬುಡ್ಸ್‌ಮನ್ ಆ ದೂರು ಮುಟ್ಟುವುದಿಲ್ಲ, ಹಾಗಾಗಿ ಮೊದಲು ಇದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗೆ ಫೀಜಿಲ್ಲ, ನಿಮ್ಮ ಕೇಸು ನೀವೇ ವಾದಿಸಬಹುದು, ನೀವಿರುವ ಜಿಲ್ಲೆಯಲ್ಲೇ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು, ಅಷ್ಟೇ. ನನ್ನ ಗೆಳತಿಯ ಹಾಗೆ ರಜೆ ಮುಗಿಯಲಿ ಅಂತ ಕಾಯಬೇಡಿ.

ಸಂಪಾದಕರೇ, ಚಿನ್ನದ ರೇಟು ದಿನಾ ಹಾಕುತ್ತೀರಿ. ಅದರ ಪಕ್ಕದಲ್ಲಿ ಯಾವ ಬ್ಯಾಂಕು ಯಾವುದಕ್ಕೆ ಎಷ್ಟು ಮುರಿಯುತ್ತೆ ಅಂತ ತಿಂಗಳಿಗೊಮ್ಮೆಯಾದರೂ ಹಾಕಿ. ಚಿನ್ನ ಕೊಳ್ಳುವವರಿಗಿಂತ ಪಾಸ್‌ಬುಕ್ ಇರುವವರು ಜಾಸ್ತಿ.

ಹೂವಿನಕ್ಕನನ್ನು ಕರೆದುಕೊಂಡು ಕಳೆದ ಸೋಮವಾರ ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರ್ ಒಳ್ಳೆಯವರೇ. ಅರ್ಜಿ ಓದಿ, ‘826 ರೂಪಾಯಿಗೆ ಇಷ್ಟೆಲ್ಲ ಯಾಕೆ ಮೇಡಂ, ನಾನೇ ಕೊಟ್ಟುಬಿಡ್ತೀನಿ’ ಎಂದು ಜೇಬಿಗೆ ಕೈ ಹಾಕಿದರು. ‘ನಿಮ್ಮ ಜೇಬಿನದು ಬೇಡ ಸಾರ್, ಸೀಲು ಹಾಕಿ’ ಅಂದೆ. ಹೂವಿನಕ್ಕ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ಸೀಲು ಬಿತ್ತು. ಮೂವತ್ತು ದಿನದಲ್ಲಿ ಇವತ್ತಿಗೆ ಆರು ಕಳೆದಿದೆ.

ಇತಿ,
ನಿವೃತ್ತ ನರ್ಸ್, ಹಾಸನ